ಇನ್ನೂ ಬೇಲಿ ಹಾಕದೆ ಉಳುಮೆ ಮಾಡ್ತಿರೋ ಇಂಗ್ಲಿಷ್ ಹಳ್ಳಿ: ಲ್ಯಾಕ್ಸ್‌ಟನ್ ಪ್ಯಾರಿಷ್ ಬಗ್ಗೆ

ಟ್ರೆಂಟ್_ದಂಡೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಹಳ್ಳಿ ಅಂದ್ರೆ ಬರೀ ಕುರಿ, ಚರ್ಚು, ಪಬ್ಬು ಅಷ್ಟೇನಾ ಅಂತ ಬೇರೆ ಥ್ರೆಡ್‌ನಲ್ಲಿ ಕೇಳಿದ್ರಲ್ಲ, ಅದಕ್ಕೆ ಅಲ್ಲೇ ಉತ್ತರ ಬರೆಯೋಕೆ ಹೋದ್ರೆ ಉದ್ದ ಆಗುತ್ತೆ ಅಂತ ಇಲ್ಲಿ ಹಾಕ್ತಿದೀನಿ. ನಾನಿರೋದು ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ. ಇಲ್ಲಿ ನ್ಯೂಆರ್ಕ್ ಊರಿಂದ ವಾಯುವ್ಯಕ್ಕೆ, ಓಲರ್‌ಟನ್ ಮತ್ತೆ ಟಕ್ಸ್‌ಫರ್ಡ್ ಮಧ್ಯ ಲ್ಯಾಕ್ಸ್‌ಟನ್ ಅಂತ ಒಂದು ಹಳ್ಳಿ ಇದೆ. ಪಕ್ಕದ ಮೂರ್‌ಹೌಸ್ ಅನ್ನೋ ಪುಟ್ಟ ಊರೂ ಸೇರಿ ಒಂದೇ ಪ್ಯಾರಿಷ್, ಎಲ್ಲಾ ಸೇರಿದ್ರೂ ಕೆಲವೇ ನೂರು ಜನ.

ಇದರ ವಿಶೇಷ ಏನಂದ್ರೆ ಮಧ್ಯಯುಗದಲ್ಲಿ ಇಂಗ್ಲೆಂಡಿನ ಅರ್ಧಕ್ಕರ್ಧ ಹಳ್ಳಿಗಳಲ್ಲಿ ಹೇಗೆ ಬೇಸಾಯ ಮಾಡ್ತಿದ್ರೋ ಅದೇ ಪದ್ಧತಿ ಇಲ್ಲಿ ಇವತ್ತಿಗೂ ನಡೀತಿದೆ, ಮ್ಯೂಸಿಯಂ ಅಲ್ಲ, ನಿಜವಾದ ರೈತರು ಟ್ರ್ಯಾಕ್ಟರ್ ಇಟ್ಕೊಂಡು ಹೊಟ್ಟೆಪಾಡಿಗೆ ಮಾಡೋ ಬೇಸಾಯ. ಊರ ಸುತ್ತ ಮೂರು ದೊಡ್ಡ ಬಯಲು ಇವೆ, ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಒಟ್ಟು ಸುಮಾರು 480 ಎಕರೆ. ಒಳಗೆ ಬೇಲಿಯೂ ಇಲ್ಲ ಕಲ್ಲುಗೋಡೆಯೂ ಇಲ್ಲ. ಒಂದೊಂದು ಬಯಲೂ ಉದ್ದುದ್ದ ಪಟ್ಟಿಗಳಾಗಿ ಹಂಚಿಹೋಗಿದೆ, ಒಬ್ಬೊಬ್ಬ ರೈತನಿಗೆ ಮೂರೂ ಬಯಲಲ್ಲಿ ಅಲ್ಲೊಂದು ಇಲ್ಲೊಂದು ಪಟ್ಟಿ. ಒಂದು ವರ್ಷ ಒಂದು ಬಯಲಿಗೆ ಪೂರ್ತಿ ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಿತ್ತೋ ಬೆಳೆ, ಮೂರನೇದು ಬೀಳು. ಮರುವರ್ಷ ಸರದಿ ಬದಲು. ಯಾರಿಗೆ ಏನು ಬೇಕೋ ಅದನ್ನ ಬಿತ್ತೋ ಹಾಗಿಲ್ಲ, ಬಯಲಿಗೆ ಏನು ಸರದಿ ಬಂದಿದೆಯೋ ಅದೇ. ಈಗೀಗ ಬೀಳು ಅಂದ್ರೆ ಸುಮ್ನೆ ಬಿಡಲ್ಲ, ಮೇವಿನ ಹುಲ್ಲು ಗಿಲ್ಲು ಹಾಕ್ತಾರೆ.

ಗೊತ್ತಿರೋರು ಸೇರಿಸಿ, ಪ್ರಶ್ನೆ ಇದ್ರೆ ಕೇಳಿ.

ಬದುಜಗಳ

ಅಣ್ಣ ಓದ್ತಾ ಓದ್ತಾ ನನಗೆ ತಲೆ ಬಿಸಿ ಆಯ್ತು. ಬದು ಇಲ್ಲ ಬೇಲಿ ಇಲ್ಲ ಅಂದ್ರೆ ಪಕ್ಕದವನು ವರ್ಷಕ್ಕೆ ಒಂದೊಂದು ಸಾಲು ಒಳಗೆ ಉತ್ಕೊಂಡು ಬಂದ್ರೆ ಯಾರು ಕೇಳೋರು? ನಮ್ಮ ಕಡೆ ಕಲ್ಲು ನೆಟ್ಟಿದ್ರೂ ಕಲ್ಲೇ ನಡ್ಕೊಂಡು ಹೋಗುತ್ತೆ 😄 ನಾನು ಮಂಡ್ಯದ ಕಡೆಯೋನು, ಹದ್ದುಬಸ್ತಿಗೆ ಅರ್ಜಿ ಹಾಕಿ ಕಾಯ್ತಾ ಇರೋನು, ಅದಕ್ಕೆ ಕೇಳ್ದೆ.

ಟ್ರೆಂಟ್_ದಂಡೆ

ಅದಕ್ಕೇ ಅಲ್ಲೊಂದು ಕೋರ್ಟ್ ಇದೆ! ಕೋರ್ಟ್ ಲೀಟ್ ಅಂತ ಕರೀತಾರೆ, ಜಮೀನ್ದಾರಿ ಕಾಲದ ನ್ಯಾಯಸ್ಥಾನ. ಪ್ರತಿ ವರ್ಷ ನವೆಂಬರ್ ಕೊನೇಲಿ ಊರ ರೈತರದ್ದೇ ಒಂದು ಜ್ಯೂರಿ, ಅದಕ್ಕೊಬ್ಬ ಮುಂದಾಳು, ಆ ವರ್ಷ ಗೋಧಿ ಬಿತ್ತಿರೋ ಬಯಲಿಗೆ ಹೋಗಿ ಪಟ್ಟಿ ಪಟ್ಟಿ ನೋಡ್ತಾರೆ. ಟ್ರ್ಯಾಕ್ಟರ್ ಟ್ರೇಲರಲ್ಲಿ ಕೂತ್ಕೊಂಡು ಹೋಗೋದು, ಜೊತೆಗೆ ಗೂಟದ ಕಟ್ಟು, ಸುತ್ತಿಗೆ. ಗಡಿ ಮಸುಕಾಗಿದ್ರೆ ಗೂಟ ಹೊಡೀತಾರೆ. ಯಾರಾದ್ರೂ ದಾರಿ ಒತ್ತುವರಿ ಮಾಡಿ ಉತ್ತಿದ್ರೆ, ಚರಂಡಿ ಕ್ಲೀನ್ ಮಾಡದೆ ಬಿಟ್ಟಿದ್ರೆ, ಹುಲ್ಲುಗಾವಲಿಗೆ ನೇಗಿಲು ತಾಗಿಸಿದ್ರೆ ಬರ್ಕೊಳ್ತಾರೆ. ಆಮೇಲೆ ಎಲ್ಲರೂ ಡವ್‌ಕೋಟ್ ಇನ್ ಅನ್ನೋ ಊರಿನ ಪಬ್ಬಿಗೆ ಹೋಗಿ ಊಟ ಮಾಡ್ತಾರೆ. ಒಂದು ವಾರ ಬಿಟ್ಟು ಕೋರ್ಟ್ ಸೇರುತ್ತೆ, ಅದೂ ಅದೇ ಪಬ್ಬಿನಲ್ಲೇ, ದಂಡ ಹಾಕೋದು, ಮುಂದಿನ ವರ್ಷದ ಜ್ಯೂರಿಗೆ ಪ್ರಮಾಣ ವಚನ ಮಾಡಿಸೋದು ಎಲ್ಲಾ ಅಲ್ಲೇ.

1977ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ತಂದು ಇಂಥ ಹಳೇ ಕೋರ್ಟುಗಳ ಅಧಿಕಾರ ಎಲ್ಲಾ ಕಿತ್ಕೊಂಡ್ತು, ಬೇರೆ ಹೆಚ್ಚಿನ ಕಡೆ ಈಗ ಬರೀ ಮೆರವಣಿಗೆ, ನಿಲುವಂಗಿ, ಊಟ ಅಷ್ಟೇ ಉಳಿದಿದೆ. ಲ್ಯಾಕ್ಸ್‌ಟನ್ನಿಂದು ಅಧಿಕಾರ ಉಳಿಸಿಕೊಂಡಿತು, ಯಾಕಂದ್ರೆ ಅಲ್ಲಿ ಮಾಡೋಕೆ ನಿಜವಾದ ಕೆಲಸ ಇತ್ತು.

ಬದುಜಗಳ

ದಂಡ ಎಷ್ಟು ಬೀಳುತ್ತೆ

ಟ್ರೆಂಟ್_ದಂಡೆ

ಜೇಬಿಗೆ ನೋವಾಗೋ ಅಷ್ಟಲ್ಲ, ಸಣ್ಣ ಮೊತ್ತ. ಆದ್ರೆ ದಂಡ ಹಾಕಿಸ್ಕೊಂಡೋನ ಹೆಸರು ಎಲ್ಲರ ಮುಂದೆ ಓದ್ತಾರೆ, ಆ ಎಲ್ಲರೂ ಮುಂದಿನ ವರ್ಷವೆಲ್ಲ ಅವನ ಅಕ್ಕಪಕ್ಕದ ಪಟ್ಟಿ ಉಳೋರು. ಜೊತೆಗೆ ಇವತ್ತು ದಂಡ ಕಟ್ಟಿದೋನು ನಾಳೆ ಜ್ಯೂರಿಲಿ ಕೂರ್ತಾನೆ.

ಹುಬ್ಬಳ್ಳಿ_ಕಟ್ಟಿಮಂದಿ

ಛಲೋ ಅದ ರೀ ಇದು. ಆದ್ರ ನನಗೊಂದು ತಿಳೀವಲ್ದು, ಪ್ಯಾರಿಷ್ ಅಂದ್ರ ಚರ್ಚಿಂದು ಅಲ್ಲೇನ್ರೀ? ಈ ಕೋರ್ಟು, ಹೊಲಾ, ದಂಡಾ ಎಲ್ಲಾ ಚರ್ಚಿನವರ ಕೈಯಾಗ ಇತ್ತೇನು?

ದಾಖಲೆಪ್ರಿಯೆ

ನಾನು ಹೇಳ್ತೀನಿ, ಇದು ನನ್ನ ಇಷ್ಟದ ವಿಷಯ. ಎರಡೂ ಬೇರೆ ಬೇರೆ, ಆದ್ರೆ ಒಂದೇ ನೆಲದ ಮೇಲೆ. ಮ್ಯಾನರ್ ಅಂದ್ರೆ ಜಮೀನ್ದಾರನ ಲೆಕ್ಕ, ಯಾರು ಉಳ್ತಾರೆ, ಯಾರು ಗೇಣಿ ಕೊಡ್ತಾರೆ, ಕೋರ್ಟ್ ಲೀಟ್ ಅದಕ್ಕೆ ಸೇರಿದ್ದು. ಪ್ಯಾರಿಷ್ ಅಂದ್ರೆ ಒಂದು ಚರ್ಚಿಗೆ ಸೇರಿದ ಎಲ್ಲೆ. ಆ ಎಲ್ಲೆ ಒಳಗಿನ ಬೆಳೇಲಿ ಹತ್ತರಲ್ಲಿ ಒಂದು ಪಾಲು ಚರ್ಚಿಗೆ ಕೊಡಬೇಕಿತ್ತು, ಕಣಜದಲ್ಲಿ ಧಾನ್ಯವಾಗಿಯೇ ಹೋಗ್ತಿತ್ತು, 1836ರಲ್ಲಿ ಅದನ್ನ ದುಡ್ಡಿಗೆ ಪರಿವರ್ತನೆ ಮಾಡೋಕೆ ಕಾನೂನು ಬಂತು. ಅದಕ್ಕೇ ಎಲ್ಲೆ ಎಲ್ಲಿ ಮುಗಿಯುತ್ತೆ ಅನ್ನೋದು ಅಷ್ಟು ಮುಖ್ಯ. ವರ್ಷಕ್ಕೊಂದ್ಸಲ ಪಾದ್ರಿ, ಊರ ಹಿರೀಕರು, ಹುಡುಗರು ಎಲ್ಲ ಸೇರಿ ಎಲ್ಲೆ ಸುತ್ತೋರು, ಗಡಿಕಲ್ಲು ಬಂದಾಗ ಕೋಲಲ್ಲಿ ಬಡಿಯೋರು. ಹುಡುಗರನ್ನ ಕರ್ಕೊಂಡು ಹೋಗೋದು ಯಾಕಂದ್ರೆ ಅವರು ಐವತ್ತು ವರ್ಷ ಆದ್ಮೇಲೂ ಸಾಕ್ಷಿ ಹೇಳೋಕೆ ಬದುಕಿರ್ತಾರೆ ಅಂತ.

1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್‌ನಲ್ಲೂ ನಾಮಕರಣ, ಮದುವೆ, ಸಾವು ಬರೆದಿಡಬೇಕು ಅಂತ ಆಜ್ಞೆ ಮಾಡಿದ. ಇವತ್ತು ಇಂಗ್ಲಿಷರು ವಂಶವೃಕ್ಷ ಹುಡುಕೋದು ಅದೇ ರಿಜಿಸ್ಟರ್‌ಗಳಲ್ಲಿ. ಆಮೇಲೆ 1601ರ ಬಡವರ ಕಾನೂನು. ಊರ ಬಡವರನ್ನ ಊರೇ ನೋಡ್ಕೋಬೇಕು, ಅದಕ್ಕೆ ತೆರಿಗೆ ಎತ್ತಬೇಕು. ಕೇಳೋಕೆ ಚೆನ್ನಾಗಿದೆ ಅಲ್ವಾ? 1662ರಲ್ಲಿ ಅದಕ್ಕೆ ಇನ್ನೊಂದು ಬಾಲ ಸೇರಿಸಿದ್ರು, ಬೇರೆ ಪ್ಯಾರಿಷ್‌ನಿಂದ ಬಂದು ಭಾರ ಆಗೋ ಹಾಗಿರೋರನ್ನ ವಾಪಸ್ ಅವರ ಊರಿಗೆ ಅಟ್ಟಬಹುದು ಅಂತ. ಗಂಡನಿಲ್ಲದ ಬಸುರಿ ಹೆಂಗಸನ್ನ ಹೆರಿಗೆಗೆ ಮುಂಚೆ ಗಡಿ ದಾಟಿಸಿ ಬಿಟ್ಟುಬರೋರು, ಮಗು ಇಲ್ಲಿ ಹುಟ್ಟಿದ್ರೆ ಇಲ್ಲಿನ ಖರ್ಚು ಅಂತ. ಹಳ್ಳಿ ಒಗ್ಗಟ್ಟು ಅಂತ ಹೊಗಳೋವಾಗ ಈ ಪುಟಾನೂ ಓದಬೇಕು.

ಇದೇ ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್‌ನಲ್ಲಿ 1824ರಲ್ಲಿ ಸುತ್ತಲಿನ ಪ್ಯಾರಿಷ್‌ಗಳು ಸೇರಿ ಒಂದು ವರ್ಕ್‌ಹೌಸ್ ಕಟ್ಟಿದ್ವು, ಅಂದ್ರೆ ಬಡವರನ್ನ ಇಟ್ಕೊಂಡು ಕೆಲಸ ಮಾಡಿಸೋ ಮನೆ, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ಮಕ್ಕಳು ಇನ್ನೊಂದು ಕಡೆ. 1834ರಲ್ಲಿ ಇಡೀ ದೇಶಕ್ಕೆ ಬಂದ ಹೊಸ ಬಡವರ ಕಾನೂನಿಗೆ ಅದೇ ಮಾದರಿ ಆಯ್ತು. ಕಟ್ಟಡ ಇನ್ನೂ ಇದೆ, ಹಳೇ ಕಟ್ಟಡಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ ನೋಡ್ಕೊಳ್ಳುತ್ತೆ.

1894ರಲ್ಲಿ ಪ್ಯಾರಿಷ್ ಕೌನ್ಸಿಲ್ ಅಂತ ಮಾಡಿ ಆಡಳಿತವನ್ನ ಚರ್ಚಿಂದ ಬೇರೆ ಮಾಡಿದ್ರು. ಹಾಗಾಗಿ ಈಗ ಎರಡು ಥರ ಪ್ಯಾರಿಷ್ ಇವೆ ರೀ ಹುಬ್ಬಳ್ಳಿಯವರೇ, ಒಂದು ದೇವರದ್ದು ಇನ್ನೊಂದು ಬೀದಿದೀಪ, ಕಾಲುದಾರಿದು.

ಹುಬ್ಬಳ್ಳಿ_ಕಟ್ಟಿಮಂದಿ

ಈಗ ತಿಳೀತ್ ನೋಡ್ರಿ ಮೇಡಂ. ಬಸುರಿ ಹೆಂಗಸಿನ ಮಾತ್ ಕೇಳಿ ಮನಸ್ಸಿಗೆ ಒಂಥರಾ ಆತು.

ಭೂಗೋಳದ_ಮೇಷ್ಟ್ರು

ನಿವೃತ್ತ ಭೂಗೋಳ ಮೇಷ್ಟ್ರು ನಾನು, ಇಷ್ಟು ಹೊತ್ತು ಸುಮ್ನಿದ್ದೆ ಆದ್ರೆ ಯಾರೂ ಮಣ್ಣಿನ ಬಗ್ಗೆ ಮಾತೇ ಆಡ್ತಿಲ್ಲವಲ್ಲ! ಲ್ಯಾಕ್ಸ್‌ಟನ್ ಇರೋ ಜಾಗ ಅರ್ಥ ಆಗಬೇಕಾದ್ರೆ ಅದರ ಪಶ್ಚಿಮಕ್ಕೆ ನೋಡಿ. ಅಲ್ಲಿ ಶೆರ್‌ವುಡ್ ಮರಳುಗಲ್ಲು, ಮೇಲೆ ಮರಳು ಮಣ್ಣು, ನೀರು ನಿಲ್ಲಲ್ಲ, ಬೆಳೆ ಬರಲ್ಲ. ಬೆಳೆ ಬರದ ಜಾಗದಲ್ಲಿ ರಾಜ ಬೇಟೆ ಕಾಡು ಮಾಡ್ಕೊಂಡ, ಅದೇ ರಾಬಿನ್ ಹುಡ್ ಕತೆಯ ಶೆರ್‌ವುಡ್. ಮುಂದೆ ಆ ಬಡ ಮಣ್ಣಿನ ಮೇಲೆ ಡ್ಯೂಕುಗಳು ಸಾಲಾಗಿ ಅರಮನೆ, ಪಾರ್ಕು ಮಾಡ್ಕೊಂಡ್ರು, ವೆಲ್‌ಬೆಕ್, ಕ್ಲಂಬರ್, ಥೋರ್ಸ್‌ಬಿ, ಅದಕ್ಕೇ ಆ ಪ್ರದೇಶಕ್ಕೆ ಡ್ಯೂಕರೀಸ್ ಅಂತಲೇ ಹೆಸರು. ಪೂರ್ವಕ್ಕೆ ಬಂದ್ರೆ ಬಂಡೆ ಬದಲಾಗುತ್ತೆ, ಮರ್ಸಿಯಾ ಮಡ್‌ಸ್ಟೋನ್, ಅದು ಕೊಳೆತು ಆದದ್ದು ಕೆಂಪು ಜೇಡಿ ಮಣ್ಣು. ಭಾರ, ಅಂಟು, ಚಳಿಗಾಲದಲ್ಲಿ ಕಾಲಿಟ್ರೆ ಬೂಟು ಅಲ್ಲೇ ಉಳಿಯುತ್ತೆ, ಆದ್ರೆ ಗೋಧಿಗೆ ಒಳ್ಳೇದು. ಲ್ಯಾಕ್ಸ್‌ಟನ್ ಕೂತಿರೋದು ಈ ಜೇಡಿಯ ಮೇಲೆ, ಕಾಡಿನ ಅಂಚಿಗೆ.

ಜೇಡಿ ಮಣ್ಣು ಒಬ್ಬನ ಕೈಲಿ ಉಳೋಕೆ ಆಗಲ್ಲ. ದೊಡ್ಡ ನೇಗಿಲು, ಎಂಟು ಎತ್ತಿನ ತಂಡ ಅಂತ ಪುಸ್ತಕಗಳಲ್ಲಿ ಹೇಳ್ತಾರೆ, ಅಷ್ಟು ಎತ್ತು ಒಬ್ಬ ರೈತನ ಹತ್ರ ಎಲ್ಲಿಂದ ಬರ್ಬೇಕು, ಹಾಗಾಗಿ ಜೊತೆ ಸೇರಲೇಬೇಕು. ಅಷ್ಟುದ್ದದ ತಂಡವನ್ನ ಪದೇ ಪದೇ ತಿರುಗಿಸೋದು ಕಷ್ಟ, ಅದಕ್ಕೆ ಪಟ್ಟಿ ಉದ್ದ, ಅಗಲ ಕಮ್ಮಿ. ಮಣ್ಣು ಒಂದೇ ಕಡೆ ಮಗುಚಿ ಮಗುಚಿ ಪಟ್ಟಿ ಮಧ್ಯ ದಿಬ್ಬ ಆಗುತ್ತೆ, ಎರಡು ಪಟ್ಟಿ ನಡುವೆ ತಗ್ಗು, ಮಳೆ ನೀರು ಆ ತಗ್ಗಲ್ಲಿ ಹರಿದುಹೋಗುತ್ತೆ. ಇಂಗ್ಲೆಂಡಿನ ಮಧ್ಯ ಭಾಗದಲ್ಲಿ ಈಗ ಬರೀ ಹುಲ್ಲಿರೋ ಎಷ್ಟೋ ಹೊಲದಲ್ಲಿ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಈ ದಿಬ್ಬ ತಗ್ಗು ಸಾಲು ಸಾಲಾಗಿ ಕಾಣುತ್ತೆ.

ಇನ್ನೊಂದು, ಎಕರೆ ಅಂದ್ರೆ ಎತ್ತಿನ ತಂಡ ಒಂದು ದಿನಕ್ಕೆ ಉಳೋ ನೆಲ ಅನ್ನೋ ಲೆಕ್ಕದಿಂದ ಹುಟ್ಟಿದ್ದು. 220 ಗಜ ಉದ್ದ, 22 ಗಜ ಅಗಲ. ಆ 22 ಗಜಕ್ಕೆ 1620ರಲ್ಲಿ ಎಡ್ಮಂಡ್ ಗಂಟರ್ ಅನ್ನೋ ಗಣಿತಜ್ಞ ಸರಪಳಿ ಮಾಡಿದ, ಸರ್ವೆಯವರು ಎಳ್ಕೊಂಡು ಹೋಗೋ ಚೈನು. ಅರ್ಧ ಚೈನು ಉದ್ದ ಅರ್ಧ ಚೈನು ಅಗಲ, ಅಂದ್ರೆ 121 ಚದರ ಗಜ, ನಮ್ಮ ಪಹಣಿಯ ಒಂದು ಗುಂಟೆ! 40 ಗುಂಟೆಗೆ ಒಂದು ಎಕರೆ. ಕ್ರಿಕೆಟ್ ಪಿಚ್ ಉದ್ದವೂ ಅದೇ 22 ಗಜ.

ಬದುಜಗಳ

ಮೇಷ್ಟ್ರೇ ನಮಸ್ಕಾರ 🙏 ನಲವತ್ತು ಯಾಕೆ ಅಂತ ನಮ್ಮಪ್ಪನ್ನ ಕೇಳಿದ್ದಕ್ಕೆ ಬಾಯಿ ಮುಚ್ಕೊಂಡು ಲೆಕ್ಕ ಹಾಕು ಅಂದಿದ್ರು.

ಸುಮ್ನೆ_ಓದೋನು

ಎಲ್ಲಾ ಸರಿ, ಇಡೀ ಇಂಗ್ಲೆಂಡಲ್ಲಿ ಇದು ಹೋಗಿ ಇದೊಂದೇ ಊರಲ್ಲಿ ಯಾಕೆ ಉಳಿದುಕೊಂಡ್ತು? ಅಲ್ಲಿನವರು ಏನು ಸಂಪ್ರದಾಯಸ್ಥರಾ

ಟ್ರೆಂಟ್_ದಂಡೆ

ಈ ಪ್ರಶ್ನೆಗೇ ಕಾಯ್ತಿದ್ದೆ. ಟೂರಿಸ್ಟ್ ಬೋರ್ಡುಗಳಲ್ಲಿ ಪರಂಪರೆ ಪರಂಪರೆ ಅಂತ ಇರುತ್ತೆ, ನನಗೆ ಅದು ಅಷ್ಟು ಹಿಡಿಸಲ್ಲ. ಉಳಿದದ್ದು ಹೆಚ್ಚುಕಮ್ಮಿ ಆಕಸ್ಮಿಕ, ಜೊತೆಗೆ ಜಮೀನ್ದಾರರ ಜಗಳ ಮತ್ತೆ ಖರ್ಚಿನ ಲೆಕ್ಕ.

ಮೊದಲು ಬೇರೆ ಕಡೆ ಏನಾಯ್ತು ಅಂತ ನೋಡಿ. ಊರ ಜಮೀನೆಲ್ಲ ಒಟ್ಟುಗೂಡಿಸಿ ಒಬ್ಬೊಬ್ಬರಿಗೆ ಒಂದೇ ಕಡೆ ಕೊಟ್ಟು ಸುತ್ತ ಬೇಲಿ ಹಾಕೋದಕ್ಕೆ ಎನ್‌ಕ್ಲೋಷರ್ ಅಂತಾರೆ. ಪಾರ್ಲಿಮೆಂಟಿಗೆ ಆ ಊರ ಹೆಸರಲ್ಲೇ ಒಂದು ಮಸೂದೆ ಹೋಗ್ತಿತ್ತು, ಪಾಸಾದ್ರೆ ಕಮಿಷನರುಗಳು ಸರ್ವೆಯವರು ಬಂದು ಹೊಸದಾಗಿ ಹಂಚೋರು. 1604ರಿಂದ 1914ರ ತನಕ ಇಂಥವು 5,200ಕ್ಕೂ ಹೆಚ್ಚು, ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಐದರಲ್ಲಿ ಒಂದು ಭಾಗದಷ್ಟು ನೆಲ. ಇದರಲ್ಲಿ ಬಹುಪಾಲು 1760ರಿಂದ 1830ರ ಒಳಗೆ.

ಲ್ಯಾಕ್ಸ್‌ಟನ್ನಲ್ಲಿ ದೊಡ್ಡ ಜಮೀನ್ದಾರ ಪಿಯರ್‌ಪಾಂಟ್ ಮನೆತನ, ಆಮೇಲೆ ಅರ್ಲ್ ಮ್ಯಾನ್ವರ್ಸ್ ಅಂತ ಬಿರುದು ಬಂತು, ಇರೋದು ಪಕ್ಕದ ಥೋರ್ಸ್‌ಬಿಯಲ್ಲಿ. ಆದ್ರೆ ಊರಲ್ಲಿ ಇನ್ನೊಬ್ಬ ಅರ್ಲ್, ಸ್ಕಾರ್‌ಬರೋ, ಅವನದ್ದೂ ಜಮೀನಿತ್ತು, ಜೊತೆಗೆ ಸ್ವಂತ ಹಕ್ಕಿನ ಸಣ್ಣ ಹಿಡುವಳಿದಾರರು ಬೇರೆ. ಎಲ್ಲರೂ ಒಪ್ಪಿ ಒಂದು ತೀರ್ಮಾನಕ್ಕೆ ಬರಲೇ ಇಲ್ಲ. ಮ್ಯಾನ್ವರ್ಸ್ ಕಡೆಯವರು ಒಂದೊಂದಾಗಿ ಕೊಂಡ್ಕೊಳ್ತಾ ಬಂದ್ರು, ಪೂರ್ತಿ ಹಿಡಿತ ಸಿಗೋ ಹೊತ್ತಿಗೆ ಅಮೆರಿಕದ ಅಗ್ಗದ ಗೋಧಿ ಬಂದು ಇಂಗ್ಲೆಂಡಿನ ಬೇಸಾಯವೇ ಮಲಗಿಬಿಟ್ಟಿತ್ತು, ಆಗ ಬೇಲಿ, ರಸ್ತೆ, ಹೊಸ ಫಾರ್ಮ್ ಮನೆ ಅಂತ ಯಾರು ದುಡ್ಡು ಸುರೀತಾರೆ. 1900ರ ನಂತರದ ಮೊದಲ ದಶಕದಲ್ಲಿ ಬರೀ ಪಟ್ಟಿಗಳನ್ನ ಅದಲು ಬದಲು ಮಾಡಿ, ಸಣ್ಣವನ್ನ ಸೇರಿಸಿ ದೊಡ್ಡವು ಮಾಡಿದ್ರು. 1635ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪಟ್ಟಿ ಇದ್ದವು, ಈಗ ಅದರ ಒಂದು ಸಣ್ಣ ಭಾಗ.

ಅಂದ್ರೆ ಯಾರೂ ಉಳಿಸಬೇಕು ಅಂತ ಹೊರಟಿದ್ದಲ್ಲ. ಉಳಿಸಬೇಕು ಅನ್ನೋ ಮಾತು ಬಂದಿದ್ದು 1930ರ ದಶಕದಲ್ಲಿ ಆಕ್ಸ್‌ಫರ್ಡ್‌ನ ವಿದ್ವಾಂಸರು ಬಂದು ಅಯ್ಯೋ ಇದು ಇನ್ನೂ ಇದೆಯಾ ಅಂತ ಕಣ್ಣರಳಿಸಿದ ಮೇಲೆ.

ಬದುಜಗಳ

ನಾನು ಇಲ್ಲೊಂದು ಕಹಿ ಮಾತು ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಮೂರು ಕಡೆ ಮೂರು ತುಂಡು ಇದ್ರೆ ಬೇಸಾಯ ಮಾಡೋನಿಗೆ ಅದರ ಕಷ್ಟ ಗೊತ್ತು. ನೀರು ಒಂದು ಕಡೆ, ಗೊಬ್ಬರ ಹೊರೋದು ಇನ್ನೊಂದು ಕಡೆ, ಒಬ್ಬ ಕಳೆ ಕೀಳದಿದ್ರೆ ಪಕ್ಕದೋನಿಗೂ ಬೀಜ ಉದುರುತ್ತೆ. ಹೊಸ ಬೆಳೆ ಹಾಕೋಣ ಅಂದ್ರೂ ಊರೆಲ್ಲ ಒಪ್ಪಬೇಕು. ಒಂದೇ ಕಡೆ ಮಾಡಿ ಬೇಲಿ ಹಾಕಿದ್ದು ತಪ್ಪು ಅಂತ ನನಗಂತೂ ಅನಿಸಲ್ಲ.

ದಾಖಲೆಪ್ರಿಯೆ

ಒಟ್ಟುಗೂಡಿಸಿದ್ದು ತಪ್ಪಲ್ಲ ಇರಬಹುದು, ಹೇಗೆ ಮಾಡಿದ್ರು ಅನ್ನೋದು ನೋಡಿ. ಒಪ್ಪಿಗೆ ಲೆಕ್ಕ ಹಾಕ್ತಿದ್ದದ್ದು ತಲೆ ಎಣಿಸಿ ಅಲ್ಲ, ಜಮೀನಿನ ಬೆಲೆ ಎಣಿಸಿ. ಮುಕ್ಕಾಲು ಭಾಗದ ಬೆಲೆ ಇಬ್ಬರು ಮೂವರ ಕೈಲಿದ್ರೆ ಇಡೀ ಊರು ಬೇಡ ಅಂದ್ರೂ ಮಸೂದೆ ಪಾಸು. ಸಣ್ಣವನಿಗೆ ಸಿಕ್ಕ ತುಂಡಿಗೂ ಬೇಲಿ ಖರ್ಚು, ಸರ್ವೆ ಖರ್ಚು, ವಕೀಲರ ಖರ್ಚಿನ ಪಾಲು. ಕೊಡೋಕಾಗದೆ ಮಾರಿಬಿಡೋನು. ಜಮೀನೇ ಇಲ್ಲದೋನಿಗೆ ಇನ್ನೂ ಮೋಸ, ಅವನು ಗೋಮಾಳದಲ್ಲಿ ಒಂದು ಹಸು ಮೇಯಿಸ್ತಿದ್ದ, ಸೌದೆ ತರ್ತಿದ್ದ, ಸುಗ್ಗಿ ಆದ್ಮೇಲೆ ಬಿದ್ದ ತೆನೆ ಆರಿಸ್ತಿದ್ದ. ಅದು ರೂಢಿ, ಕಾಗದ ಇಲ್ಲ. ಕಾಗದ ಇಲ್ಲದ್ದಕ್ಕೆ ಪರಿಹಾರ ಇಲ್ಲ. ಎನ್‌ಕ್ಲೋಷರ್ ಪರವಾಗಿ ಊರೂರು ತಿರುಗಿ ಬರೆದ ಆರ್ಥರ್ ಯಂಗ್, ಸರ್ಕಾರದ ಕೃಷಿ ಮಂಡಳಿಯ ಕಾರ್ಯದರ್ಶಿ, ಅವನೇ 1801ರಲ್ಲಿ ಇಪ್ಪತ್ತು ಮಸೂದೆಲಿ ಹತ್ತೊಂಬತ್ತರಲ್ಲಿ ಬಡವರಿಗೆ ಏಟು ಬಿದ್ದಿದೆ ಅಂತ ಬರೆದ.

ಬದುಜಗಳ

ಗೋಮಾಳದ ಮಾತು ಒಪ್ತೀನಿ ಅಕ್ಕ. ಪಟ್ಟಿ ವಿಷಯ ಒಪ್ಪಲ್ಲ.

ಟ್ರೆಂಟ್_ದಂಡೆ

ಇಬ್ಬರೂ ಸರಿ ಅಂತೀನಿ ನಾನು, ಲ್ಯಾಕ್ಸ್‌ಟನ್ ರೈತರು ಕೂಡ ಬರೀ ಬಯಲಿನ ಮೇಲೆ ಬದುಕ್ತಿಲ್ಲ, ಅವರಿಗೆ ಬೇಲಿ ಹಾಕಿದ ಬೇರೆ ಹೊಲಗಳೂ ಇವೆ, ಅಲ್ಲಿ ಬೇಕಾದ್ದು ಬೆಳೀತಾರೆ.

ಊರಿನ ಆಕಾರ ನೋಡಿದ್ರೂ ಇದೆಲ್ಲ ಕಾಣುತ್ತೆ. ಬೇರೆ ಕಡೆ ಎನ್‌ಕ್ಲೋಷರ್ ಆದ್ಮೇಲೆ ಫಾರ್ಮ್ ಮನೆಗಳು ಊರು ಬಿಟ್ಟು ತಮ್ಮ ತಮ್ಮ ಹೊಲದ ಮಧ್ಯಕ್ಕೆ ಹೋದ್ವು, ಒಂಟಿ ಮನೆಗಳು. ಇಲ್ಲಿ ಬಯಲಲ್ಲಿ ಮನೆ ಕಟ್ಟೋ ಹಾಗೇ ಇಲ್ಲ, ಹಾಗಾಗಿ ಫಾರ್ಮುಗಳೆಲ್ಲ ಊರೊಳಗೆ, ಕೆಂಪು ಇಟ್ಟಿಗೆ, ಕೆಂಪು ಹೆಂಚು, ಎಷ್ಟೋ ಮನೆಗಳ ಪಕ್ಕೆಗೋಡೆ ಬೀದಿಗೆ, ಹಿಂದೆ ಅಂಗಳ, ಕೊಟ್ಟಿಗೆ, ಉದ್ದನೆ ಹಿತ್ತಲು. ತಪ್ಪಿಸ್ಕೊಂಡ ದನ ಕೂಡಿಹಾಕೋ ಕೊಂಡವಾಡೆಯೂ ಇದೆ.

ಬಯಲಿನ ನಡುವೆ ಉಳೋಕಾಗದ ತಗ್ಗಿನ ಹುಲ್ಲುಪಟ್ಟಿಗಳು ಇರ್ತವೆ, ಸೈಕ್ಸ್ ಅಂತಾರೆ. ಅದರ ಹುಲ್ಲನ್ನ ಊರವರಲ್ಲೇ ಹರಾಜು ಹಾಕೋ ಪದ್ಧತಿ. ನೂರಾರು ವರ್ಷದಿಂದ ನೇಗಿಲು ತಾಗದ್ದರಿಂದ ಬೇರೆ ಕಡೆ ಅಪರೂಪ ಆಗಿರೋ ಹುಲ್ಲು ಹೂವು ಅಲ್ಲಿ ಉಳಿದಿವೆ, ಸರ್ಕಾರ ಅದನ್ನ ಸಂರಕ್ಷಿತ ಜಾಗ ಅಂತ ಘೋಷಿಸಿದೆ.

ಕಾಳುಮೆಣಸು_ಶಿರಸಿ

ತಡವಾಗಿ ಬಂದೆ. ಟ್ರೆಂಟ್ ಅವರೇ, 1635ರಲ್ಲಿ ಎರಡು ಸಾವಿರ ಪಟ್ಟಿ ಅಂದ್ರಲ್ಲ, ಅದು ಅಷ್ಟು ಖಚಿತವಾಗಿ ಹೇಗೆ ಗೊತ್ತು? ಯಾರು ಎಣಿಸಿದ್ದು?

ಟ್ರೆಂಟ್_ದಂಡೆ

ಆ ವರ್ಷ ಮಾರ್ಕ್ ಪಿಯರ್ಸ್ ಅನ್ನೋ ಸರ್ವೆಯವನು ಇಡೀ ಊರ ನಕ್ಷೆ ಮಾಡಿದ, ಜೊತೆಗೆ ಒಂದೊಂದು ಪಟ್ಟಿ ಯಾರದ್ದು ಎಷ್ಟು ಅಂತ ಒಂದು ಪುಸ್ತಕ. ನಕ್ಷೆ ಈಗ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಲೈಬ್ರರಿಯಲ್ಲಿದೆ. ಬರೀ ಗೆರೆ ಅಲ್ಲ, ಹೊಲದಲ್ಲಿ ಉಳೋರು, ಕೊಯ್ಯೋರು, ಬೇಟೆ ಆಡೋರು ಎಲ್ಲರ ಪುಟ್ಟ ಪುಟ್ಟ ಚಿತ್ರ ಬರೆದಿದ್ದಾನೆ, ನೋಡೋಕೆ ಹಬ್ಬ. ಆಗ ತಾನೇ ಊರು ಕೊಂಡ ಹೊಸ ಯಜಮಾನನಿಗೆ ತನ್ನ ಕೈಗೆ ಏನು ಬಂದಿದೆ ಅಂತ ತಿಳಿಯಬೇಕಿತ್ತು. ಲಂಡನ್ನಿನ ವ್ಯಾಪಾರಿ, ಸರ್ ವಿಲಿಯಂ ಕೋರ್ಟೀನ್ ಅಂತ.

ಕಾಳುಮೆಣಸು_ಶಿರಸಿ

ತಡೀರಿ ತಡೀರಿ. ಕೋರ್ಟೀನ್ ಅಂದ್ರೆ ಕಾರವಾರದ ಕೋರ್ಟೀನಾ?! ಮಾರಾಯ್ರೇ ಆ ಹೆಸರು ನಮ್ಮ ಜಿಲ್ಲೆ ಇತಿಹಾಸದಲ್ಲಿ ಬರ್ತದೆ. ಅದೇ 1635ರಲ್ಲಿ ಇಂಗ್ಲೆಂಡಿನ ರಾಜ ಮೊದಲನೇ ಚಾರ್ಲ್ಸ್, ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ ಮಾತು ಮುರಿದು ಕೋರ್ಟೀನನ ಗುಂಪಿಗೂ ಪೂರ್ವ ದೇಶಗಳ ಜೊತೆ ವ್ಯಾಪಾರಕ್ಕೆ ಪರವಾನಗಿ ಕೊಟ್ಟ. ಕ್ಯಾಪ್ಟನ್ ಜಾನ್ ವೆಡ್ಡೆಲ್ ಹಡಗು ತಗೊಂಡು 1636ರಲ್ಲಿ ಹೊರಟು ಗೋವಾಕ್ಕೆ ಬಂದ, ಅಲ್ಲಿಂದ ಭಟ್ಕಳ. ಆಗ ನಮ್ಮ ಕಡೆ ಕೆಳದಿಯ ವೀರಭದ್ರ ನಾಯಕರ ಆಳ್ವಿಕೆ, ಮೆಣಸು ಅವರ ಕೈಲಿ. ಇವರು ಇಕ್ಕೇರಿ ತನಕ ದೂತರನ್ನ ಕಳಿಸಿ ಭಟ್ಕಳದಲ್ಲಿ ಕೋಠಿಗೆ, ಅಂದ್ರೆ ವ್ಯಾಪಾರದ ಮಳಿಗೆಗೆ, ಅಪ್ಪಣೆ ತಗೊಂಡ್ರು. ಆ ಹಡಗಲ್ಲಿ ಪೀಟರ್ ಮಂಡಿ ಅನ್ನೋ ಪ್ರವಾಸಿ ಇದ್ದ, ಭಟ್ಕಳ ಇಕ್ಕೇರಿ ಬಗ್ಗೆ ಬರೆದಿಟ್ಟಿದ್ದಾನೆ. ವೆಡ್ಡೆಲ್ ಮುಂದೆ ಚೀನಾದ ಕ್ಯಾಂಟನ್ ತನಕ ಹೋದ. 1638ರಲ್ಲಿ ಇದೇ ಕೋರ್ಟೀನ್ ಕಂಪನಿಯವರು ಕಾರವಾರದಲ್ಲೂ ಕೋಠಿ ಹಾಕಿದ್ರು, ಸೋಂದೆ ಸೀಮೆಯ ಕಾಳುಮೆಣಸಿಗಾಗಿ.

ನಾನು ಹುಟ್ಟಿದ್ದೇ ಆ ಸೀಮೇಲಿ, ಮನೇಲಿ ಇವತ್ತಿಗೂ ಮೆಣಸಿನ ಬಳ್ಳಿ ಅದೆ!

ಟ್ರೆಂಟ್_ದಂಡೆ

ಅದೇ ಕೋರ್ಟೀನ್ ರೀ!! ನೀವು ಹೇಳೋ ತನಕ ಈ ಕಡೆಯಿಂದ ಯೋಚನೆನೇ ಮಾಡಿರಲಿಲ್ಲ. ಇವನ ತಂದೆ ನೆದರ್‌ಲ್ಯಾಂಡ್ಸ್ ಕಡೆಯಿಂದ ಬಂದ ನಿರಾಶ್ರಿತ ಬಟ್ಟೆ ವ್ಯಾಪಾರಿ, ಇವನು ಬೆಳೆದು ರಾಜನಿಗೇ ಸಾಲ ಕೊಡೋ ಮಟ್ಟಕ್ಕೆ ಹೋದ. ವೆಸ್ಟ್ ಇಂಡೀಸ್‌ನ ಬಾರ್ಬಡೋಸ್‌ನಲ್ಲಿ 1627ರಲ್ಲಿ ಇಂಗ್ಲಿಷರು ನೆಲೆ ನಿಂತದ್ದೂ ಇವನ ದುಡ್ಡಿನಲ್ಲೇ. ಅಂದ್ರೆ ಒಂದೇ ತಿಜೋರಿಯಿಂದ ಬಾರ್ಬಡೋಸ್, ಲ್ಯಾಕ್ಸ್‌ಟನ್ ನಕ್ಷೆ, ಭಟ್ಕಳದ ಹಡಗು. ಆದ್ರೆ 1636ರಲ್ಲೇ ಅವನು ತೀರಿಕೊಂಡ, ಹಡಗು ಭಟ್ಕಳ ಮುಟ್ಟಿದ್ದನ್ನ ನೋಡಲೇ ಇಲ್ಲ. ಮಗನ ಕಾಲಕ್ಕೆ ಸಾಲ ಮೇಲೆ ಸಾಲ, ಹಡಗುಗಳು ಹೋದ್ವು, ಕೊನೆಗೆ ದಿವಾಳಿ. ಲ್ಯಾಕ್ಸ್‌ಟನ್ ಕೈತಪ್ಪಿ ಪಿಯರ್‌ಪಾಂಟ್‌ಗಳಿಗೆ ಹೋಯ್ತು.

ಭೂಗೋಳದ_ಮೇಷ್ಟ್ರು

ಹಳ್ಳಿ ಚರಿತ್ರೆ ಹಳ್ಳಿ ಒಳಗೇ ಮುಗಿಯುತ್ತೆ ಅಂತ ಪಾಠ ಮಾಡಬೇಡಿ ಅಂತ ನಾನು ಟ್ರೈನಿಂಗಲ್ಲಿ ಬಾಯಿ ಬಡ್ಕೊಳ್ತಿದ್ದೆ, ಈ ಥ್ರೆಡ್ ಪ್ರಿಂಟ್ ತೆಗೆದು ಕಳಿಸಬೇಕು.

ಸುಮ್ನೆ_ಓದೋನು

ಕೋರ್ಟೀನ್‌ಗೆ ಮುಂಚೆ ಆ ಊರಲ್ಲಿ ಏನಿತ್ತು?

ಟ್ರೆಂಟ್_ದಂಡೆ

1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಜಮೀನು ಲೆಕ್ಕ, ಡೂಮ್ಸ್‌ಡೇ ಅಂತಾರೆ, ಅದರಲ್ಲೇ ಊರಿದೆ. ಫ್ರಾನ್ಸ್ ಕಡೆಯಿಂದ ನಾರ್ಮನ್ನರು ಬಂದು ಇಂಗ್ಲೆಂಡ್ ಗೆಲ್ಲೋ ಮುಂಚೆ ಟೋಚಿ ಅನ್ನೋನದ್ದು, ಡೇನ್ ಜನರ ಹೆಸರು ಅದು, ಆಮೇಲೆ ಜೆಫ್ರಿ ಆಲ್ಸೆಲಿನ್ ಅನ್ನೋ ನಾರ್ಮನ್‌ಗೆ ಸಿಕ್ತು. ಊರ ಉತ್ತರಕ್ಕೆ ಅವರ ಕೋಟೆ ದಿಬ್ಬ ಇದೆ, ಮಣ್ಣು ರಾಶಿ ಹಾಕಿ ಮಾಡಿದ ಕೋಟೆ, ಕಲ್ಲು ಉಳಿದಿಲ್ಲ, ದಿಬ್ಬದ ತುದೀಲಿ ಇನ್ನೊಂದು ಪುಟ್ಟ ದಿಬ್ಬ. ಶೆರ್‌ವುಡ್ ಕಾಡಿನ ವಂಶಪಾರಂಪರ್ಯ ಕಾವಲು ಅಧಿಕಾರಿಗಳು ಇರ್ತಿದ್ದದ್ದು ಅಲ್ಲೇ, ಮೊದಲು ಡಿ ಕಾ ಮನೆತನ ಆಮೇಲೆ ಎವರಿಂಗ್‌ಹ್ಯಾಮ್ ಮನೆತನ, 13ನೇ ಶತಮಾನದ ಕೊನೆಗೆ ಅವರ ಕೈಯಿಂದ ಆ ಹುದ್ದೆ ಹೋಯ್ತು. ಅವರ ಸಮಾಧಿ ಪ್ರತಿಮೆಗಳು ಊರಿನ ಸೇಂಟ್ ಮೈಕಲ್ ಚರ್ಚಲ್ಲಿವೆ. ಎಲ್ಲಾ ಕಲ್ಲಿನವು, ಒಂದು ಮಾತ್ರ ಓಕ್ ಮರದ್ದು, ಆ ಮನೆತನದ ಹೆಂಗಸಿನದ್ದು, ಜಿಲ್ಲೆಯಲ್ಲಿ ಮಧ್ಯಯುಗದ ಮರದ ಪ್ರತಿಮೆ ಅದೊಂದೇ.

ಹುಬ್ಬಳ್ಳಿ_ಕಟ್ಟಿಮಂದಿ

ಪ್ಲೇಗಿನ ಕಾಲದಾಗ ಊರಿಗೆ ಊರೇ ಬಾಗಿಲಾ ಹಾಕ್ಕೊಂಡು ಕುಂತಿತ್ತಂತಲ್ರಿ, ಅದು ಈ ಊರೇನು? ಕೊರೊನಾದಾಗ ವಾಟ್ಸಾಪಿನ್ಯಾಗ ಬಂದಿತ್ತು.

ದಾಖಲೆಪ್ರಿಯೆ

ಅದು ಈಮ್, ಡಾರ್ಬಿಶೈರ್‌ನಲ್ಲಿ, 1665-66. ಆದ್ರೆ ಸಂಬಂಧ ಇದೆ ನೋಡಿ. ಈಮ್ ಜನರನ್ನ ಊರು ಬಿಟ್ಟು ಹೋಗಬೇಡಿ ಅಂತ ಒಪ್ಪಿಸಿದ ಪಾದ್ರಿ ವಿಲಿಯಂ ಮಾಂಪೆಸನ್, ಹೆಂಡತಿ ಕ್ಯಾಥರೀನ್ ಆ ಪ್ಲೇಗಲ್ಲೇ ಹೋದ್ರು. ಮಾಂಪೆಸನ್ ಆಮೇಲೆ ಬಂದದ್ದು ಈಕ್ರಿಂಗ್‌ಗೆ, ಲ್ಯಾಕ್ಸ್‌ಟನ್ ಹತ್ತಿರದ ಪ್ಯಾರಿಷ್‌ಗೆ. ಪ್ಲೇಗ್ ಊರಿನ ಪಾದ್ರಿ ಅಂತ ಜನ ಹೆದರಿ ಊರೊಳಗೆ ಬಿಟ್ಟುಕೊಳ್ಳಲಿಲ್ಲ, ಸ್ವಲ್ಪ ಕಾಲ ರಫರ್ಡ್ ಪಾರ್ಕಿನ ಗುಡಿಸಲಲ್ಲಿದ್ದು ಒಂದು ಮರದ ಕೆಳಗೆ ಪ್ರವಚನ ಮಾಡ್ತಿದ್ರು ಅಂತ ಅಲ್ಲಿನ ಜನ ಹೇಳ್ತಾರೆ. ಕೊನೆ ತನಕ ಈಕ್ರಿಂಗಲ್ಲೇ ಇದ್ರು.

ಟ್ರೆಂಟ್_ದಂಡೆ

ಅದೇ ಈಕ್ರಿಂಗಲ್ಲಿ 1939ರಲ್ಲಿ ಎಣ್ಣೆ ಸಿಕ್ತು! ಯುದ್ಧಕಾಲದಲ್ಲಿ 1943ಕ್ಕೆ ಅಮೆರಿಕದಿಂದ ಡ್ರಿಲ್ಲಿಂಗ್ ಕೆಲಸಗಾರರು ಗುಟ್ಟಾಗಿ ಬಂದು ಶೆರ್‌ವುಡ್ ಅಂಚಿನ ಕಾಡಲ್ಲಿ ಬಾವಿ ಕೊರೆದ್ರು. ವಿಷಯ ಬಿಟ್ಟು ಹೋದೆ, ಸಾರಿ.

ಬದುಜಗಳ

ಈಗ ಆ ಬಯಲುಗಳ ಮಾಲೀಕ ಯಾರು? ಸರ್ಕಾರನಾ?

ಟ್ರೆಂಟ್_ದಂಡೆ

ಅದೊಂದು ದೊಡ್ಡ ಸುತ್ತು. 1952ರಲ್ಲಿ ಆಗಿನ ಅರ್ಲ್ ಮ್ಯಾನ್ವರ್ಸ್ ಇದು ಹಾಳಾಗಬಾರದು ಅಂತ ಕೃಷಿ ಸಚಿವಾಲಯಕ್ಕೆ ಮಾರಿದ್ರು. ಸಚಿವಾಲಯಕ್ಕೆ ಸಾಕಾಗಿ 1981ರಲ್ಲಿ ಕ್ರೌನ್ ಎಸ್ಟೇಟ್‌ಗೆ, ಅಂದ್ರೆ ರಾಜಪೀಠದ ಹೆಸರಲ್ಲಿರೋ ಆಸ್ತಿ ನೋಡ್ಕೊಳ್ಳೋ ಸಂಸ್ಥೆಗೆ, ಹೋಯ್ತು. 2018ರಲ್ಲಿ ಕ್ರೌನ್ ಎಸ್ಟೇಟ್‌ನವ್ರೂ ಮಾರ್ತೀವಿ ಅಂದ್ರು, ಆಗ ಊರಿಗೆ ನಿಜವಾಗ್ಲೂ ಭಯ ಆಗಿತ್ತು, ಯಾವನೋ ಕೊಂಡು ಪದ್ಧತಿನೇ ಎತ್ತಿಬಿಟ್ರೆ ಅಂತ. ಕೊನೆಗೆ 2020ರಲ್ಲಿ ಕೊಂಡಿದ್ದು ಥೋರ್ಸ್‌ಬಿ ಎಸ್ಟೇಟ್, ಅಂದ್ರೆ ಅದೇ ಹಳೇ ಪಿಯರ್‌ಪಾಂಟ್ ಮನೆತನದ ಎಸ್ಟೇಟ್. ಜ್ಯೂರಿ, ಕೋರ್ಟ್, ಗೂಟ ಎಲ್ಲಾ ಮುಂದುವರೀತಿದೆ. ನನಗೆ ಚಿಂತೆ ಇರೋದು ಮಾಲೀಕರದ್ದಲ್ಲ, ರೈತರದ್ದು. ಪಟ್ಟಿ ಉಳೋಕೆ ಊರಲ್ಲಿ ಒಂದಷ್ಟು ಸಣ್ಣ ಫಾರ್ಮ್ ಕುಟುಂಬ ಇರಬೇಕು, ಇಬ್ಬರೇ ದೊಡ್ಡ ರೈತರು ಉಳಿದ್ರೆ ಜ್ಯೂರಿಗೆ ಜನ ಎಲ್ಲಿಂದ ತರ್ತಾರೆ.

ಸುಮ್ನೆ_ಓದೋನು

ನಾವು ಹೋದ್ರೆ ನೋಡೋಕೆ ಬಿಡ್ತಾರಾ? ಮುಂದಿನ ವರ್ಷ ತಮ್ಮನ ಮನೆಗೆ ಲೆಸ್ಟರ್‌ಗೆ ಬರೋದಿದೆ

ಟ್ರೆಂಟ್_ದಂಡೆ

ಧಾರಾಳವಾಗಿ ಬನ್ನಿ. ಪಬ್ಬಿನ ಪಕ್ಕ ಸಣ್ಣ ಪ್ರದರ್ಶನ ಕೊಠಡಿ ಇದೆ, ಕೋಟೆ ದಿಬ್ಬಕ್ಕೂ ಬಯಲಿಗೂ ಕಾಲುದಾರಿ ಇವೆ. ಕಾರಿಲ್ಲದೆ ಬರೋದು ಕಷ್ಟ. ಬಿತ್ತಿರೋ ಪಟ್ಟಿ ಮೇಲೆ ಕಾಲಿಡಬೇಡಿ, ಬೂಟು ಹಳೇದು ಹಾಕ್ಕೊಳ್ಳಿ, ಮೇಷ್ಟ್ರು ಹೇಳಿದ ಜೇಡಿ ನೆನಪಿರಲಿ. ಅದೇ ಪ್ಯಾರಿಷ್‌ನಲ್ಲಿ ರಾಷ್ಟ್ರೀಯ ಹಾಲೊಕಾಸ್ಟ್ ಮ್ಯೂಸಿಯಂ ಇದೆ, 1995ರಲ್ಲಿ ಶುರುವಾದದ್ದು, ಅದಕ್ಕೆ ಬೇರೆ ಅರ್ಧ ದಿನ ಇಟ್ಕೊಳ್ಳಿ.

ಕಾಳುಮೆಣಸು_ಶಿರಸಿ

ಭಟ್ಕಳ ಕಾರವಾರದ ಕೋಠಿಗಳ ಬಗ್ಗೆ ಬೇರೆ ಥ್ರೆಡ್ ಶುರು ಮಾಡ್ತೇನೆ, ಗೆಜೆಟಿಯರ್ ತೆಗೆದು ಕೂತಿದ್ದೇನೆ. ಟ್ರೆಂಟ್ ಅವರೇ ಆ 1635ರ ನಕ್ಷೆಯ ಒಳ್ಳೆ ಫೋಟೋ ಇದ್ರೆ ಅಲ್ಲಿ ಹಾಕಿ, ಮಿಲ್ ಫೀಲ್ಡ್ ಕಡೆದು ದೊಡ್ಡದಾಗಿ ಕಾಣೋ ಹಾಗೆ.